ಮೋಟಾರು ಬೀಪ್ ಅಂತಿದೆಯಾ? ಮೊದಲು ನೀರು ನೋಡಿ

ನಾಡದೋಣಿ ಕಡಲಲ್ಲಿದೆ. ಔಟ್‌ಬೋರ್ಡ್ ಮೋಟಾರು ಒಂದೇ ಸಮನೆ ಬೀಪ್ ಅಂತಿದೆ. ವೈರ್ ಕಿತ್ತು ಬಾಯಿ ಮುಚ್ಚಿಸಬೇಡಿ! ವೇಗ ಇಳಿಸಿ, ನ್ಯೂಟ್ರಲ್‌ಗೆ ತನ್ನಿ.

ಈಗ ಮೋಟಾರಿನ ಹಿಂದೆ ನೋಡಿ. ಸಣ್ಣ ತೂತಿನಿಂದ ನೀರಿನ ಧಾರೆ ಬರ್ತಿದೆಯಾ? ಇಲ್ಲ ಅಂದ್ರೆ ಇಂಜಿನ್ ತಂಪಾಗದೇ ಇರಬಹುದು. ತಕ್ಷಣ ಆಫ್ ಮಾಡಿ, ಮೋಟಾರು ಮೇಲೆತ್ತಿ. ಕೆಳಭಾಗದಲ್ಲಿ ನೀರು ಎಳೆಯುವ ಜಾಲರಿ ಇದೆ. ಪ್ಲಾಸ್ಟಿಕ್ ಚೀಲ, ಬಲೆಯ ತುಂಡು, ಪಾಚಿ ಅಂಟಿದ್ರೆ ತೆಗೀರಿ. ಧಾರೆ ಬರುವ ತೂತಲ್ಲಿ ಉಪ್ಪು ಕಟ್ಟಿದ್ರೆ ತೆಳು ತಂತಿ ಆಡಿಸಿ.

ಮೋಟಾರು ಇಳಿಸಿ ಸ್ಟಾರ್ಟ್ ಮಾಡಿ ನೋಡಿ. ಆದ್ರೂ ನೀರಿಲ್ವಾ? ಪಂಪಿನೊಳಗಿನ ರಬ್ಬರ್ ಇಂಪೆಲ್ಲರ್ ಸವೆದಿರಬಹುದು. ಮತ್ತೆ ಓಡಿಸಿದ್ರೆ ಇಂಜಿನ್ನೇ ಹೋಗುತ್ತೆ. ಇನ್ನೊಂದು ದೋಣಿ ಕರೆಸಿ, ಎಳೆಸಿಕೊಂಡು ದಡಕ್ಕೆ ಬನ್ನಿ.

ನೀರು ಸರಿಯಿದ್ದೂ ಬೀಪ್ ನಿಂತಿಲ್ವಾ? ಆಯಿಲ್ ನೋಡಿ. ಫೋರ್ ಸ್ಟ್ರೋಕ್ ಆದ್ರೆ ಇಂಜಿನ್ ನಿಲ್ಲಿಸಿ, ಮೋಟಾರು ನೆಟ್ಟಗಿಟ್ಟು, ಡಿಪ್‌ಸ್ಟಿಕ್ ಎಳೆದು ಮಟ್ಟ ನೋಡಿ. ಬೇರೆ ಆಯಿಲ್ ಟ್ಯಾಂಕ್ ಇರುವ ಟೂ ಸ್ಟ್ರೋಕ್ ಆದ್ರೆ, ಆ ಟ್ಯಾಂಕ್ ಖಾಲಿಯಾಗಿದೆಯಾ ನೋಡಿ.

ಕೀ ತಿರುಗಿಸಿದಾಗ ಒಮ್ಮೆ ಮಾತ್ರ ಬೀಪ್ ಅಂದ್ರೆ ಹೆದರಬೇಡಿ. ಎಷ್ಟೋ ಮೋಟಾರುಗಳಲ್ಲಿ ಅದು ಅಲಾರಂ ಕೆಲಸ ಮಾಡ್ತಿದೆ ಅನ್ನೋ ಸೂಚನೆ.

ಬೀಪ್ ಲೆಕ್ಕ ಕಂಪನಿಗೊಂದು ಥರ. ನಿಮ್ಮ ಮ್ಯಾನುಯಲ್‌ನಲ್ಲಿ ಬೀಪ್ ವಿವರ ಇರುವ ಪುಟದ ಫೋಟೊ ಇವತ್ತೇ ಮೊಬೈಲಲ್ಲಿ ಇಟ್ಕೊಳ್ಳಿ.