ಕೂಡು ಬೆಸುಗೆಯ ಪರೀಕ್ಷೆ: ಕಂದಕ ಮುಚ್ಚುವ ಮುನ್ನ ಗ್ರಾಮ ಪಂಚಾಯಿತಿ ಸದಸ್ಯರು ಗಮನಿಸಬೇಕಾದ ಅಂಶಗಳು



ತಾಳಿಕೋಟೆ ಸೀಮೆಯಲ್ಲಿ ಹರಿಯುವ ಡೋಣಿ ನದಿಯ ನೀರು ಉಪ್ಪಾಗಿದ್ದು ಕುಡಿಯಲು ಯೋಗ್ಯವಲ್ಲ. ಆದ್ದರಿಂದ ಕೃಷ್ಣೆಯ ನೀರನ್ನು ಕೊಳವೆಯ ಮೂಲಕ ತರುವ ಬಹುಗ್ರಾಮ ಯೋಜನೆಗಳು ನಮ್ಮ ಜಿಲ್ಲೆಗೆ ಅತ್ಯವಶ್ಯಕ. 2019ರಲ್ಲಿ ಜಲ ಜೀವನ್ ಮಿಷನ್ ಆರಂಭವಾದ ತರುವಾಯ ಹಳೆಯ ಕೊಳವೆ ಮಾರ್ಗಗಳಿಗೆ ಹೊಸ ಮಾರ್ಗಗಳನ್ನು ಜೋಡಿಸುವ ಕಾಮಗಾರಿಗಳು ಹೆಚ್ಚಿವೆ. ಉಕ್ಕಿನ ಕೊಳವೆಗಳಲ್ಲಿ ಹಳೆಯದನ್ನೂ ಹೊಸದನ್ನೂ ಒಂದುಗೂಡಿಸುವ ಕೊನೆಯ ಬೆಸುಗೆಯೇ ಕೂಡು ಬೆಸುಗೆ. ಇಂಜಿನಿಯರರು ಇದನ್ನು ‘ಟೈ-ಇನ್’ ಎನ್ನುತ್ತಾರೆ.

ಈ ಬೆಸುಗೆ ಏಕೆ ವಿಶೇಷ?

ಹೊಸ ಮಾರ್ಗದ ಎರಡೂ ತುದಿಗಳನ್ನು ಮುಚ್ಚಿ, ನೀರು ತುಂಬಿ, ಸಾಮಾನ್ಯವಾಗಿ ಬಳಕೆಯ ಒತ್ತಡದ ಒಂದೂವರೆ ಪಟ್ಟು ಒತ್ತಡದಲ್ಲಿ ಪರೀಕ್ಷಿಸಲಾಗುತ್ತದೆ. 60 ಮೀಟರ್ ಎತ್ತರಕ್ಕೆ ನಿಂತ ನೀರಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 6 ಕಿಲೋ. ಅಂತಹ ಮಾರ್ಗದ ಪರೀಕ್ಷೆಯ ಒತ್ತಡ 9 ಕಿಲೋ. ಕೂಡು ಬೆಸುಗೆಯನ್ನು ಹಾಕುವುದು ಈ ಪರೀಕ್ಷೆ ಮುಗಿದ ಮೇಲೆ. ಅದನ್ನೂ ಅದೇ ಒತ್ತಡಕ್ಕೆ ಒಳಪಡಿಸಬೇಕೆಂದರೆ ತುಕ್ಕು ಹಿಡಿದ ಹಳೆಯ ಮಾರ್ಗವೂ ಆ ಒತ್ತಡವನ್ನು ತಾಳಬೇಕಾಗುತ್ತದೆ. ಹೀಗಾಗಿ ನೀರೊತ್ತಡ ಪರೀಕ್ಷೆಯ ವರದಿಯು ಈ ಒಂದು ಬೆಸುಗೆಗೆ ಅನ್ವಯಿಸುವುದಿಲ್ಲ.

ನಮ್ಮ ಎರೆಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಆ ಎಳೆತಕ್ಕೆ ದುರ್ಬಲ ಬೆಸುಗೆ ಸೀಳಬಹುದು. ಪಂಪು ನಿಂತು ಒತ್ತಡ ಇಳಿದಾಗ ಸೀಳಿನ ಮೂಲಕ ಸುತ್ತಲಿನ ಕೊಳಚೆ ನೀರು ಒಳಸೇರಿ ಮನೆಮನೆಯ ನಲ್ಲಿಗೆ ತಲುಪುವ ಅಪಾಯವಿದೆ.

ಸ್ಥಳದಲ್ಲಿ ಗಮನಿಸಬೇಕಾದವು

1. ಬೆಸುಗೆಗೆ ಮುನ್ನ: ಹಳೆಯ ವಾಲ್ವಿನಿಂದ ನೀರು ಜಿನುಗುತ್ತಿರಬಾರದು. ತೇವವಿದ್ದಲ್ಲಿ ಬೆಸುಗೆಯೊಳಗೆ ಗುಳ್ಳೆಗಳು ಉಳಿಯುತ್ತವೆ. ಕೊಳವೆಯ ತುದಿಗಳು ತಾವಾಗಿ ಸರಿಹೊಂದಬೇಕು. ಸರಪಳಿ ಹಾಕಿ ಬಲವಂತವಾಗಿ ಎಳೆದು ಕೂಡಿಸಬಾರದು.

2. ಮೇಲ್ಮೈ ಪರೀಕ್ಷೆ: ಶುಚಿಗೊಳಿಸಿದ ಬೆಸುಗೆಗೆ ಕೆಂಪು ದ್ರಾವಣ ಲೇಪಿಸಿ, ನಿಗದಿತ ಅವಧಿಯ ಬಳಿಕ ಒರೆಸಿ, ಬಿಳಿ ಪುಡಿಯ ದ್ರಾವಣ ಸಿಂಪಡಿಸುತ್ತಾರೆ. ಬಿರುಕಿದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ಆದರೆ ಇದು ಹೊರಮೈಯ ದೋಷವನ್ನಷ್ಟೇ ತೋರಿಸುತ್ತದೆ.

3. ಒಳಗಿನ ಪರೀಕ್ಷೆ: ರೇಡಿಯೋಗ್ರಫಿ ಅಥವಾ ಅಲ್ಟ್ರಾಸಾನಿಕ್ ಪರೀಕ್ಷೆಯು ಬೆಸುಗೆಯ ಪೂರ್ತಿ ಸುತ್ತಳತೆಗೆ ನಡೆಯಬೇಕು. ರೇಡಿಯೋಗ್ರಫಿ ನಡೆಯುವಾಗ ಜನ, ಜಾನುವಾರುಗಳನ್ನು ಗುರುತಿಸಿದ ಗಡಿಯಿಂದ ಹೊರಗಿಡತಕ್ಕದ್ದು.

4. ಸೋರಿಕೆ ಪರೀಕ್ಷೆ: ಬಳಕೆಯ ಒತ್ತಡದಲ್ಲಿ ನೀರು ಹರಿಸಿ, ಬೆಸುಗೆ ಕಣ್ಣಿಗೆ ಕಾಣುವಂತಿರುವಾಗಲೇ ಪರಿಶೀಲಿಸಬೇಕು. ಕಂದಕವನ್ನು ಅನಂತರವೇ ಮುಚ್ಚಬೇಕು.

5. ಶುದ್ಧೀಕರಣ: ಮಾರ್ಗವನ್ನು ತೊಳೆದು ಕ್ಲೋರಿನ್ ಹಾಕಿಸಬೇಕು. ನೀರು ಬಿಟ್ಟ ಮೇಲೆ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು.

ಪರೀಕ್ಷೆ ನಡೆಸುವುದು ಇಂಜಿನಿಯರರ ಮತ್ತು ಅರ್ಹ ತಂತ್ರಜ್ಞರ ಹೊಣೆ. ವರದಿ ಕೇಳುವುದು ನಮ್ಮ ಹಕ್ಕು. ಕಾಮಗಾರಿಯನ್ನು ಹಸ್ತಾಂತರಿಸಿಕೊಳ್ಳುವ ಮುನ್ನ ಪ್ರತಿ ಕೂಡು ಬೆಸುಗೆಯ ಸ್ಥಳ, ಬೆಸುಗೆಗಾರನ ಗುರುತು ಸಂಖ್ಯೆ, ಪರೀಕ್ಷೆಯ ದಿನಾಂಕ ಮತ್ತು ಫಲಿತಾಂಶಗಳನ್ನು ಲಿಖಿತವಾಗಿ ಪಡೆದು, ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಕಡತದಲ್ಲಿ ಇರಿಸಬೇಕಾಗಿ ಕೋರಿದೆ. ಹಸ್ತಾಂತರದ ಬಳಿಕ ಸೋರಿಕೆ ಕಂಡುಬಂದಲ್ಲಿ ಎಲ್ಲಿ ಅಗೆಯಬೇಕು, ಯಾರನ್ನು ಕೇಳಬೇಕು ಎಂಬುದನ್ನು ತಿಳಿಸುವ ದಾಖಲೆ ಅದೊಂದೇ.