ಬಲಿಪೂಜೆಯಲ್ಲಿ ವಯಸ್ಕರ ಕ್ರೈಸ್ತ ದೀಕ್ಷಾವಿಧಿ

ವಯಸ್ಕರ ಕ್ರೈಸ್ತ ದೀಕ್ಷಾವಿಧಿಯು ಜ್ಞಾನಸ್ನಾನ ಪಡೆಯದ ವಯಸ್ಕರನ್ನು ಕಥೋಲಿಕ ಧರ್ಮಸಭೆಗೆ ಹಂತಹಂತವಾಗಿ ಬರಮಾಡಿಕೊಳ್ಳುವ ಆರಾಧನಾ ಕ್ರಮವಾಗಿದೆ. ಇದರ ಹಲವು ವಿಧಿಗಳು ಧರ್ಮಕೇಂದ್ರದ ಭಾನುವಾರದ ಬಲಿಪೂಜೆಯ ನಡುವೆಯೇ ಜರುಗುತ್ತವೆ. ದೀಕ್ಷಾರ್ಥಿಗಳಿಗೆ ನೆರವಾಗಲು ಸಿದ್ಧರಿರುವಿರಾ ಎಂದು ಗುರುಗಳು ನೆರೆದ ವಿಶ್ವಾಸಿಗಳನ್ನೂ ಕೇಳುತ್ತಾರೆ. ನಡೆಯುತ್ತಿರುವುದು ಅರ್ಥವಾಗದಿದ್ದರೆ ಅವರು ನೀಡುವ ಒಪ್ಪಿಗೆ ಕೇವಲ ಬಾಯಿಮಾತಾಗಿಬಿಡುತ್ತದೆ.

ಹಿನ್ನೆಲೆ

ಆದಿ ಧರ್ಮಸಭೆಯಲ್ಲಿ ಜ್ಞಾನಸ್ನಾನಕ್ಕೆ ಮುನ್ನ ದೀರ್ಘ ಸಿದ್ಧತೆಯ ಅವಧಿಯಿತ್ತು. ಶಿಶುಗಳಿಗೆ ಜ್ಞಾನಸ್ನಾನ ನೀಡುವುದೇ ರೂಢಿಯಾದ ಮೇಲೆ ಈ ಪದ್ಧತಿ ಮರೆಯಾಯಿತು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಇದನ್ನು ಪುನಃ ಜಾರಿಗೆ ತರುವಂತೆ ಆದೇಶಿಸಿತು. ಅದರಂತೆ ಲ್ಯಾಟಿನ್ ಮೂಲವು 1972ರಲ್ಲಿ ಪ್ರಕಟವಾಯಿತು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದರ ಬಳಕೆ 1988ರಲ್ಲಿ ಕಡ್ಡಾಯವಾಯಿತು. ಅಲ್ಲಿ ಆರ್‌ಸಿಐಎ ಎಂದು ಪರಿಚಿತವಾಗಿದ್ದ ಈ ಕ್ರಮವು ಹೊಸ ಅನುವಾದದಲ್ಲಿ ಒಸಿಐಎ ಎಂಬ ಹೆಸರು ಪಡೆದಿದೆ.

ಹಂತಗಳು

ಮೊದಲ ವಿಧಿಯಲ್ಲಿ ಅಭ್ಯರ್ಥಿಗಳನ್ನು ದೀಕ್ಷಾರ್ಥಿಗಳಾಗಿ ಸ್ವೀಕರಿಸಿ, ಅವರ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಲಾಗುತ್ತದೆ. ಸಾಮಾನ್ಯವಾಗಿ ತಪಸ್ಸುಕಾಲದ ಮೊದಲ ಭಾನುವಾರ ಧರ್ಮಾಧ್ಯಕ್ಷರು ಅವರನ್ನು ಆಯ್ಕೆಯಾದವರೆಂದು ಘೋಷಿಸುತ್ತಾರೆ. ಮೂರು, ನಾಲ್ಕು ಮತ್ತು ಐದನೆಯ ಭಾನುವಾರಗಳಂದು ಪರಿಶೋಧನಾ ವಿಧಿಗಳು ನಡೆಯುತ್ತವೆ. ಪಾಸ್ಕ ಜಾಗರಣೆಯ ರಾತ್ರಿ ಜ್ಞಾನಸ್ನಾನ, ದೃಢೀಕರಣ ಹಾಗೂ ಪರಮಪ್ರಸಾದಗಳನ್ನು ಒಂದೇ ಆರಾಧನೆಯಲ್ಲಿ ನೀಡಲಾಗುತ್ತದೆ.

ಅನುಸರಿಸುವಲ್ಲಿನ ತೊಡಕುಗಳು

ಈ ವಿಧಿಗಳು ಹಲವು ತಿಂಗಳು ಹರಡಿಕೊಂಡಿರುವುದರಿಂದ, ಒಂದು ಭಾನುವಾರ ಮಾತ್ರ ಬಂದವರಿಗೆ ಕಾಣುವುದು ಒಂದು ತುಣುಕಷ್ಟೆ. ಸ್ವೀಕಾರ ವಿಧಿಯು ಚರ್ಚಿನ ಬಾಗಿಲ ಬಳಿ ಆರಂಭವಾದಾಗ ಒಳಗೆ ಕುಳಿತವರಿಗೆ ಅದು ಕಾಣುವುದೂ ಕೇಳುವುದೂ ಕಷ್ಟ.

ಪ್ರಬೋಧನೆಯ ನಂತರ ದೀಕ್ಷಾರ್ಥಿಗಳನ್ನು ಹೊರಗೆ ಕಳುಹಿಸುವ ಪದ್ಧತಿ ಇನ್ನೊಂದು ಗೊಂದಲಕ್ಕೆ ಕಾರಣ. ಅಂದು ಕೇಳಿದ ದೇವರ ವಾಕ್ಯವನ್ನು ಧ್ಯಾನಿಸುವುದು ಇದರ ಉದ್ದೇಶ. ಆದರೆ ಅಪರಿಚಿತರಿಗೆ ಇದು ಹೊರಹಾಕಿದಂತೆ ತೋರಬಹುದು. ಪರಿಶೋಧನೆ ಎಂಬ ಪದವೂ ಪರೀಕ್ಷೆಯ ಭಾವನೆ ಮೂಡಿಸುತ್ತದೆ. ವಾಸ್ತವದಲ್ಲಿ ಅಲ್ಲಿ ಪ್ರಶ್ನೋತ್ತರವಿಲ್ಲ. ಆಯ್ಕೆಯಾದವರ ಪಾಪವಿಮೋಚನೆಗಾಗಿ ಸಭೆಯು ಪ್ರಾರ್ಥಿಸುತ್ತದೆ.

ವಾಚನಗಳೂ ಭಿನ್ನವಾಗಬಹುದು. ಬಲಿಪೂಜೆಯ ಭಾನುವಾರದ ವಾಚನಗಳು ಮೂರು ವರ್ಷಗಳ ಆವರ್ತನವನ್ನು ಅನುಸರಿಸುತ್ತವೆ. ಪರಿಶೋಧನೆ ನಡೆಯುವ ಬಲಿಪೂಜೆಯಲ್ಲಿ ಮಾತ್ರ ಯಾವ ವರ್ಷವಾದರೂ ಮೊದಲ ವರ್ಷದ ವಾಚನಗಳನ್ನೇ ಓದಲಾಗುತ್ತದೆ: ಸಮಾರಿಯದ ಸ್ತ್ರೀ, ಹುಟ್ಟುಕುರುಡ ಹಾಗೂ ಲಾಜರನ ಪ್ರಸಂಗಗಳು. ಹೀಗಾಗಿ ಒಂದೇ ಚರ್ಚಿನಲ್ಲಿ ಒಂದೇ ದಿನ ಬೇರೆ ಬೇರೆ ಶುಭಸಂದೇಶಗಳು ಓದಲ್ಪಡುವುದುಂಟು.

ಬೇರೆ ಕ್ರೈಸ್ತ ಪಂಗಡದಲ್ಲಿ ಈಗಾಗಲೇ ಜ್ಞಾನಸ್ನಾನ ಪಡೆದು ಬರುವವರನ್ನು ದೀಕ್ಷಾರ್ಥಿಗಳೆಂದು ಕರೆಯುವುದಿಲ್ಲ. ಅವರಿಗೆ ಮತ್ತೆ ಜ್ಞಾನಸ್ನಾನವೂ ಇಲ್ಲ. ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿದಾಗ ಈ ವ್ಯತ್ಯಾಸ ಸಭೆಗೆ ತಿಳಿಯದೆ ಹೋಗುತ್ತದೆ.

ಪರಿಹಾರಗಳು

ವಿಧಿಗೆ ಮುನ್ನ ಗುರುಗಳು ನೀಡುವ ಕಿರು ವಿವರಣೆ, ಸಭೆಯ ಉತ್ತರಗಳನ್ನು ಮುದ್ರಿಸಿದ ಹಾಳೆ ಹಾಗೂ ಬಾಗಿಲ ಬಳಿಯ ಧ್ವನಿವರ್ಧಕ ಈ ತೊಡಕುಗಳನ್ನು ಕಡಿಮೆ ಮಾಡುತ್ತವೆ. ಸ್ವೀಕಾರ ವಿಧಿಯ ಆರಂಭದಲ್ಲಿ ಕೆಲವು ವಿಶ್ವಾಸಿಗಳೂ ಅಭ್ಯರ್ಥಿಗಳೊಂದಿಗೆ ಹೊರಗೆ ಸೇರಲು ಕ್ರಮದಲ್ಲೇ ಅವಕಾಶವಿದೆ. ಆದರೆ ವಿವರಣೆ ಅತಿಯಾದರೆ ಆರಾಧನೆಯು ಪಾಠವಾಗಿ ಮಾರ್ಪಡುತ್ತದೆ. ಪಾಸ್ಕಕಾಲದ ಭಾನುವಾರಗಳಂದು ನವದೀಕ್ಷಿತರು ಸಭೆಯ ನಡುವೆ ವಿಶೇಷ ಸ್ಥಳದಲ್ಲಿ ಕುಳಿತುಕೊಳ್ಳುವ ಕ್ರಮವಿದೆ. ತಾವು ಯಾರಿಗೆ ನೆರವಾಗುವುದಾಗಿ ಒಪ್ಪಿದ್ದೆವೋ ಅವರನ್ನು ಗುರುತಿಸಲು ಇದು ಸಭೆಗೆ ಸಹಾಯಕವಾಗುತ್ತದೆ.