ಒಲೆ ಕಾಯುವ ಇಬ್ಬರು

ಅಜ್ಜಿ ಒಲೆಯ ಮೇಲೆ ಹಾಲಿಟ್ಟಿದ್ದಾರೆ. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೂಗಿದರು. "ಪುಟ್ಟೀ, ಹಾಲು ಉಕ್ಕೋಕೆ ಬಂದಿದೆ, ಉರಿ ಸಣ್ಣ ಮಾಡಿದ್ದೀನಿ, ಸ್ವಲ್ಪ ನೋಡ್ಕೋ" ಎಂದು ಹೇಳಿ ಅಜ್ಜಿ ಎದ್ದು ಹೋದರು. ಪುಟ್ಟಿ ಬಂದು ಒಲೆಯ ಮುಂದೆ ನಿಂತಳು.

ಅಜ್ಜಿಯ ಆ ಒಂದು ಮಾತನ್ನು ಗಮನಿಸಿ. ಬರೀ "ನೋಡ್ಕೋ" ಎಂದಿದ್ದರೆ ಸಾಲುತ್ತಿರಲಿಲ್ಲ. ಹಾಲು ಎಲ್ಲಿಯವರೆಗೆ ಬಂದಿದೆ ಎಂದು ಹೇಳಿದರು, ಉರಿ ಎಷ್ಟಿದೆ ಎಂದೂ ಹೇಳಿದರು, ಆಮೇಲೆ ಕೆಲಸ ಒಪ್ಪಿಸಿದರು. ಇಷ್ಟನ್ನೇ ಯಂತ್ರಗಳಿಗೆ ಕಲಿಸಲು ನನ್ನಂಥವರು ಕೆಲಸದುದ್ದಕ್ಕೂ ತಿಣುಕಿದ್ದೇವೆ.

ನಾನು ಸಕ್ಕರೆ ಕಾರ್ಖಾನೆಯೊಂದರ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿದ್ದು ನಿವೃತ್ತನಾದವನು. ಸಕ್ಕರೆ ಕಾರ್ಖಾನೆ ಎಂದರೆ ಮಕ್ಕಳಿಗೆ ಕಬ್ಬಿನ ಲಾರಿ ನೆನಪಾಗುತ್ತದೆ, ಅಜ್ಜಂದಿರಿಗೆ ಆಲೆಮನೆ. ನನಗೆ ಮಾತ್ರ ಬಾಯ್ಲರ್. ರಸ ಹಿಂಡಿದ ಮೇಲೆ ಉಳಿದ ಕಬ್ಬಿನ ಸಿಪ್ಪೆಯನ್ನೇ ಉರಿಸಿ, ನೀರು ಕಾಯಿಸಿ, ಹಬೆ ಮಾಡುವ ದೊಡ್ಡ ಒಲೆ ಅದು. ಆ ಹಬೆಯಿಂದ ರಸ ಕುದಿಯಬೇಕು, ಟರ್ಬೈನ್ ತಿರುಗಬೇಕು, ಕಾರ್ಖಾನೆಗೆ ಕರೆಂಟು ಬರಬೇಕು.

ಬಾಯ್ಲರಿನ ಮೇಲ್ಭಾಗದಲ್ಲಿ ಡ್ರಮ್ ಎಂಬ ದಪ್ಪ ಉಕ್ಕಿನ ಪೀಪಾಯಿ ಇರುತ್ತದೆ. ಅದರಲ್ಲಿ ನೀರು ಸರಿಯಾಗಿ ಅರ್ಧದ ಆಸುಪಾಸಿನಲ್ಲೇ ಇರಬೇಕು. ಕಡಿಮೆಯಾದರೆ ಬೆಂಕಿಯೊಳಗಿನ ಕೊಳವೆಗಳು ನೀರಿಲ್ಲದೆ ಕೆಂಪಗೆ ಕಾದು ಒಡೆಯುತ್ತವೆ. ಹೆಚ್ಚಾದರೆ ಹಬೆಯ ಜೊತೆ ನೀರೂ ಹೋಗಿ ಟರ್ಬೈನಿನ ರೆಕ್ಕೆಗಳಿಗೆ ಬಡಿಯುತ್ತದೆ. ಹಾಲು ಉಕ್ಕಿದರೆ ಒಲೆ ಒರೆಸಬಹುದು. ಇಲ್ಲಿ ತಪ್ಪಿದರೆ ಕೆಳಗೆ ನಿಂತು ಕೆಲಸ ಮಾಡುವವರ ಪ್ರಾಣದ ಪ್ರಶ್ನೆ.

ಈ ನೀರಿನ ಮಟ್ಟವನ್ನು ಹಗಲೂ ರಾತ್ರಿ ಕಾಯುವ ಪೆಟ್ಟಿಗೆಗೆ ಕಂಟ್ರೋಲರ್ ಎನ್ನುತ್ತೇವೆ. ಅದಕ್ಕೆ ಕಣ್ಣಿನ ಹಾಗೆ ಒಂದು ಮಾಪಕ, ಕೈಯ ಹಾಗೆ ಒಂದು ವಾಲ್ವ್. ಮಟ್ಟ ಇಳಿದರೆ ವಾಲ್ವ್ ತೆರೆಯುತ್ತದೆ, ಏರಿದರೆ ಮುಚ್ಚುತ್ತದೆ. ಮಾಪಕದಿಂದ ಸುದ್ದಿ ಬರುವುದು ಸಣ್ಣ ವಿದ್ಯುತ್ ಪ್ರವಾಹವಾಗಿ. ಡ್ರಮ್ ಖಾಲಿ ಎಂದರೆ 4 ಮಿಲಿಆಂಪಿಯರ್, ತುಂಬಿದೆ ಎಂದರೆ 20. ಸೊನ್ನೆಯಿಂದ ಯಾಕೆ ಶುರು ಮಾಡಲಿಲ್ಲ? ತಂತಿಯೇ ತುಂಡಾದರೆ ಆಗ ಬರುವುದು ಸೊನ್ನೆ. "ಖಾಲಿ" ಎಂಬ ಸುದ್ದಿಗೂ "ಸುದ್ದಿಯೇ ಇಲ್ಲ" ಎಂಬುದಕ್ಕೂ ವ್ಯತ್ಯಾಸ ತಿಳಿಯಬೇಕಲ್ಲ, ಅದಕ್ಕೆ. ಈ 4 ಎಂಬ ಅಂಕಿಯನ್ನು ಆರಿಸಿದವರ ಬಗ್ಗೆ ನನಗೆ ಯಾವತ್ತೂ ಗೌರವ.

ಸರಿ, ಕಾಯುವ ಪೆಟ್ಟಿಗೆಯೇ ಕೆಟ್ಟರೆ? ಅದಕ್ಕೇ ಪಕ್ಕದಲ್ಲಿ ಇನ್ನೊಂದನ್ನು ಇಡುತ್ತೇವೆ. ಅದರ ಹೆಸರು ಸ್ಟ್ಯಾಂಡ್‌ಬೈ. ಕ್ರಿಕೆಟ್ಟಿನ ಹನ್ನೆರಡನೆಯ ಆಟಗಾರನ ಹಾಗೆ ಎನ್ನೋಣವೆಂದರೆ, ಅವನಿಗೆ ನೀರು ಕೊಟ್ಟುಬರುವ ಕೆಲಸವಾದರೂ ಇದೆ! ಸ್ಟ್ಯಾಂಡ್‌ಬೈ ಸುಮ್ಮನೆ ನೋಡುತ್ತಾ ನಿಂತಿರಬೇಕು. ಆದರೆ ಆ ನೋಡುವುದೇ ದೊಡ್ಡ ಕೆಲಸ.

ಮೊದಲ ಪೆಟ್ಟಿಗೆ ಬದುಕಿದೆ ಎಂದು ಎರಡನೆಯದಕ್ಕೆ ಹೇಗೆ ಗೊತ್ತಾಗಬೇಕು? ಮೊದಲನೆಯದು ಪ್ರತಿ ಕ್ಷಣವೂ ಒಂದು ಮಿಡಿತ ಕಳಿಸುತ್ತಿರುತ್ತದೆ, ನಮ್ಮ ಎದೆಬಡಿತದ ಹಾಗೆ. ನಾಲ್ಕಾರು ಮಿಡಿತ ತಪ್ಪಿದರೆ ಎರಡನೆಯದು "ಇನ್ನು ನಾನು" ಎಂದು ಕೆಲಸ ಹಿಡಿಯುತ್ತದೆ. ಕೇಳುವುದಕ್ಕೆ ಸುಲಭ. ಆದರೆ ಮಿಡಿತ ತರುವ ತಂತಿ ಮಾತ್ರ ತುಂಡಾಗಿ, ಮೊದಲನೆಯದು ಚೆನ್ನಾಗಿಯೇ ಇದ್ದರೆ? ಆಗ ಇಬ್ಬರೂ ತಾವೇ ಯಜಮಾನರು ಎಂದುಕೊಳ್ಳುತ್ತಾರೆ. ಮದುವೆ ಮನೆಯ ಅಡುಗೆಯಲ್ಲಿ ಅತ್ತೆಯೂ ಚಿಕ್ಕಮ್ಮನೂ ಒಬ್ಬರಿಗೊಬ್ಬರು ಹೇಳದೆ ಸಾರಿಗೆ ಉಪ್ಪು ಹಾಕಿದ ಹಾಗೆ. ಅದರ ತಿರುವುಮುರುವೂ ಉಂಟು: ಅವರು ಹಾಕಿದ್ದಾರೆ ಎಂದು ಇವರು, ಇವರು ಹಾಕಿದ್ದಾರೆ ಎಂದು ಅವರು ಬಿಟ್ಟು, ಸಾರು ಸಪ್ಪೆ. ಹಾಗಾಗಿ ವಾಲ್ವ್ ಯಾರ ಕೈಯಲ್ಲಿದೆ ಎಂಬುದನ್ನು ಆ ಇಬ್ಬರ ತೀರ್ಮಾನಕ್ಕೆ ಬಿಡುವುದಿಲ್ಲ. ನಡುವೆ ರಿಲೇ ಎಂಬ ಪುಟ್ಟ ಸ್ವಿಚ್ಚು ಕೂತಿರುತ್ತದೆ. ಅದು ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ದಾರಿ ಕೊಡುತ್ತದೆ. ಮೊದಲನೆಯ ಪೆಟ್ಟಿಗೆ ಕರೆಂಟು ಕೊಟ್ಟು ಎಳೆದು ಹಿಡಿದಿರುವಷ್ಟು ಹೊತ್ತು ರಿಲೇ ಅದರ ಕಡೆ. ಹಿಡಿತ ಬಿಟ್ಟರೆ ತಾನಾಗಿ ಎರಡನೆಯದರ ಕಡೆ ಬೀಳುತ್ತದೆ. ಸತ್ತವನು "ನಾನು ಸತ್ತೆ" ಎಂದು ಹೇಳಬೇಕಾದ ಕೆಲಸವಿಲ್ಲ.

ಇನ್ನು ಅಜ್ಜಿಯ ಮಾತಿನ ಉಳಿದ ಭಾಗ, "ಉರಿ ಸಣ್ಣ ಮಾಡಿದ್ದೀನಿ" ಎಂಬುದು. ವಾಲ್ವ್ 62 ಭಾಗ ತೆರೆದಿರುವಾಗ ಮೊದಲನೆಯದು ಕೈಬಿಟ್ಟಿತು ಎನ್ನಿ. ಎರಡನೆಯದು ಬಂದವನೇ ಸೊನ್ನೆಯಿಂದ ಲೆಕ್ಕ ಶುರು ಮಾಡಿದರೆ ವಾಲ್ವ್ ದಡಕ್ಕನೆ ಮುಚ್ಚಿಕೊಂಡು ಡ್ರಮ್ಮಿಗೆ ನೀರೇ ನಿಲ್ಲುತ್ತದೆ. ಕೆಟ್ಟ ಕಂಟ್ರೋಲರಿನಿಂದ ಆಗದ ಅನಾಹುತ ಅದನ್ನು ಉಳಿಸಲು ಬಂದವನಿಂದ ಆಗುತ್ತದೆ. ಹಾಗಾಗದಂತೆ, ಕೈ ಬದಲಾದದ್ದು ವಾಲ್ವಿಗೆ ಗೊತ್ತೇ ಆಗದಂತೆ ಮಾಡಬೇಕು. ಒಂದೇ ಕಂಪನಿಯ, ಒಂದೇ ಮಾದರಿಯ ಜೋಡಿಯಾದರೆ ಇದಕ್ಕೆ ಹೆಚ್ಚು ತಲೆಬಿಸಿಯಿಲ್ಲ. ತನ್ನ ಲೆಕ್ಕದ ಪುಸ್ತಕವನ್ನೇ ಒಂದು ಇನ್ನೊಂದಕ್ಕೆ ಕ್ಷಣಕ್ಷಣಕ್ಕೂ ನಕಲು ಮಾಡಿ ಕೊಡುತ್ತಿರುತ್ತದೆ.

ನಮ್ಮ ಕಾರ್ಖಾನೆಯಲ್ಲಿ ಆ ಸುಖ ಇರಲಿಲ್ಲ. ಹಳೆಯ ಕಂಟ್ರೋಲರಿಗೆ ಬಿಡಿಭಾಗ ಸಿಗುವುದು ನಿಂತಿತ್ತು. ಅದನ್ನು ತೆಗೆದುಹಾಕಲು ದುಡ್ಡಿರಲಿಲ್ಲ. ಹಾಗಾಗಿ ಬೇರೆ ಕಂಪನಿಯ ಹೊಸ ಪೆಟ್ಟಿಗೆಯೊಂದನ್ನು ಅದಕ್ಕೆ ಸ್ಟ್ಯಾಂಡ್‌ಬೈ ಮಾಡಬೇಕೆಂದು ತೀರ್ಮಾನವಾಯಿತು. ಇಬ್ಬರ ಭಾಷೆಯೂ ಬೇರೆ. ಒಬ್ಬನಿಗೆ ಪೂರ್ತಿ ತುಂಬಿದ್ದು ಎಂದರೆ 100, ಇನ್ನೊಬ್ಬನಿಗೆ 4095. ಒಬ್ಬನ ಪುಸ್ತಕ ಇನ್ನೊಬ್ಬನಿಗೆ ಓದಲು ಬರುವುದಿಲ್ಲ.

ನಮ್ಮ ಹಿರಿಯ ಎಂಜಿನಿಯರ್ ಒಬ್ಬರು, ಮಾತು ಕಡಿಮೆ, ಎಲೆಯಡಿಕೆ ಜಾಸ್ತಿ, ಇದಕ್ಕೆ ಉಪಾಯ ಹೇಳಿದರು. "ಅವರಿಬ್ಬರನ್ನ ಮಾತಾಡಿಸೋಕೆ ಯಾಕೆ ಒದ್ದಾಡ್ತೀರಿ? ಇಬ್ಬರಿಗೂ ಪಾತ್ರೆ ತೋರಿಸಿ." ಅಂದರೆ ಮಾಪಕದ ಸುದ್ದಿ ಇಬ್ಬರಿಗೂ ನೇರವಾಗಿ ಹೋಗಲಿ. ವಾಲ್ವ್ ನಿಜವಾಗಿ ಎಷ್ಟು ತೆರೆದಿದೆ ಎಂಬುದನ್ನು ಹೊಸ ಪೆಟ್ಟಿಗೆ ತಾನೇ ನೋಡಿಕೊಂಡು, ತನ್ನ ಉತ್ತರವನ್ನು ಅದಕ್ಕೆ ಸರಿಯಾಗಿ ಹೊಂದಿಸಿಕೊಳ್ಳುತ್ತಲೇ ಇರಲಿ. ವಾಲ್ವ್ 62ರಲ್ಲಿದ್ದರೆ ಅದೂ ಮನಸ್ಸಿನಲ್ಲೇ 62. ಕೈಗೆ ಬಂದ ಕ್ಷಣ ಅಲ್ಲಿಂದಲೇ ಮುಂದುವರಿಯುತ್ತದೆ. ಇಬ್ಬರ ನಡುವೆ ಬೇಕಾದದ್ದು ಮಿಡಿತದ ಒಂದು ಜೊತೆ ತಂತಿ ಮಾತ್ರ. ಪುಟ್ಟಿಗೆ ಅಜ್ಜಿ ಏನೂ ಹೇಳದೆ ಹೋಗಿದ್ದರೂ, ಪಕ್ಕದಲ್ಲೇ ನಿಂತು ಹಾಲನ್ನೂ ಉರಿಯನ್ನೂ ನೋಡುತ್ತಿದ್ದರೆ ಸಾಕಾಗಿತ್ತು ತಾನೆ?

ಅವರದೇ ಇನ್ನೊಂದು ಹಠ. ಕಬ್ಬು ನುರಿಸುವ ಹಂಗಾಮು ಶುರುವಾಗುವ ಮುನ್ನ, ಆಮೇಲೆ ತಿಂಗಳಿಗೊಮ್ಮೆ, ಚೆನ್ನಾಗಿ ನಡೆಯುತ್ತಿರುವ ಮೊದಲ ಕಂಟ್ರೋಲರಿನ ಸ್ವಿಚ್ಚನ್ನು ಬೇಕೆಂದೇ ಆರಿಸುತ್ತಿದ್ದರು. ಆಪರೇಟರುಗಳಿಗೆ ಸಿಟ್ಟು. "ಸುಮ್ನಿರೋ ಹಾವನ್ನ ಯಾಕೆ ಕೆಣಕ್ತೀರಿ ಸಾರ್?" ಎನ್ನುವರು. ಒಂದು ವರ್ಷ ಹಂಗಾಮಿಗೆ ಮುನ್ನ, ಉರಿ ಇನ್ನೂ ಸಣ್ಣದಿದ್ದಾಗ, ಹೀಗೇ ಆರಿಸಿದರು. ಸ್ಟ್ಯಾಂಡ್‌ಬೈ ಮೇಲೆ "ಸಿದ್ಧ" ಎಂಬ ಹಸಿರು ದೀಪ ಉರಿಯುತ್ತಿತ್ತು. ಅದು ಮಿಡಿತ ನಿಂತದ್ದನ್ನು ಗಮನಿಸಿತು, ಕೆಲಸ ಹಿಡಿದೆನೆಂದು ಪ್ಯಾನೆಲ್ಲಿನಲ್ಲಿ ತೋರಿಸಿತು. ವಾಲ್ವ್ ಮಾತ್ರ ಮುಚ್ಚುತ್ತಾ ಹೋಯಿತು. ರಿಲೇ ಬಿದ್ದಿತ್ತು, ಆದರೆ ಧೂಳು ಹಿಡಿದು ಅದರ ಲೋಹದ ನಾಲಗೆಗಳು ಒಂದಕ್ಕೊಂದು ತಾಗುತ್ತಿರಲಿಲ್ಲ. ಡ್ರಮ್ಮಿನ ಪಕ್ಕದ ಗಾಜಿನ ಕೊಳವೆಯಲ್ಲಿ ನೀರು ಇಳಿಯುವುದನ್ನು ಕಣ್ಣಾರೆ ನೋಡುತ್ತಾ ಒಬ್ಬ ಆಪರೇಟರ್ ಮೊದಲೇ ಚಕ್ರದ ಬಳಿ ನಿಂತಿದ್ದ; ಪಕ್ಕದ ದಾರಿಯ ಕೈ ವಾಲ್ವನ್ನು ತಿರುಗಿಸಿ ನೀರು ಬಿಟ್ಟ. ಅವನನ್ನು ಅಲ್ಲಿ ನಿಲ್ಲಿಸಿಯೇ ಸ್ವಿಚ್ಚು ಆರಿಸಿದ್ದರು. ಆ ರಿಲೇ ಹಾಗೆ ಎಷ್ಟು ದಿನದಿಂದ ಇತ್ತೋ ಯಾರಿಗೆ ಗೊತ್ತು! ಹಂಗಾಮಿನ ನಡುರಾತ್ರಿ, ಪೂರ್ತಿ ಉರಿಯಲ್ಲಿ, ಚಕ್ರದ ಬಳಿ ಯಾರೂ ಇಲ್ಲದಾಗ ಅದು ಬಯಲಾಗಿದ್ದರೆ ಎಂದು ಆ ದಿನ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸ್ವಿಚ್ಚು ಆರಿಸುವುದಕ್ಕೆ ಆಪರೇಟರುಗಳು ತಕರಾರು ಮಾಡುವುದನ್ನು ನಿಲ್ಲಿಸಿದರು.

ಬೇರೆ ಬೇರೆ ಕಂಪನಿಯ ಜೋಡಿ ನಮಗೆ ಬಡತನದಿಂದ ಬಂದದ್ದು. ಆದರೆ ಅದಕ್ಕೂ ಒಂದು ಬೆಲೆ ಇದೆ ಎಂದು ನನಗೆ ಮನವರಿಕೆಯಾದದ್ದು ಒಂದು ರಾಕೆಟ್ಟಿನ ಕಥೆ ಓದಿದಾಗ. ರಾಕೆಟ್ಟಿಗೂ ಬಾಯ್ಲರಿಗೂ ಏನು ಸಂಬಂಧ ಎನ್ನಬೇಡಿ, ಅಲ್ಲೂ ಇದ್ದದ್ದು ಇಬ್ಬರು ಕಾವಲುಗಾರರೇ.

1996ರ ಜೂನ್ 4. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕೂರೂ ಎಂಬಲ್ಲಿಂದ ಯುರೋಪಿನ ಏರಿಯಾನ್-5 ರಾಕೆಟ್ ಮೊದಲ ಬಾರಿಗೆ ಮೇಲೇರಿತು. ತಾನು ಯಾವ ಕಡೆ ವಾಲಿದ್ದೇನೆ, ಎಷ್ಟು ವೇಗದಲ್ಲಿದ್ದೇನೆ ಎಂದು ಹೇಳುವ ಉಪಕರಣ ಅದರಲ್ಲಿ ಎರಡಿತ್ತು, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಎರಡೂ ಒಂದೇ ಅಚ್ಚು, ಎರಡರೊಳಗೂ ಒಂದೇ ಪ್ರೋಗ್ರಾಮ್. ಆ ಪ್ರೋಗ್ರಾಮನ್ನು ಹಿಂದಿನ ಏರಿಯಾನ್-4ರಿಂದ ತೆಗೆದುಕೊಂಡಿದ್ದರು. ಅಲ್ಲಿ ಅದು ಸೊಗಸಾಗಿ ನಡೆದಿತ್ತು. ಅದರ ಒಂದು ಲೆಕ್ಕದಲ್ಲಿ ಅಡ್ಡ ವೇಗಕ್ಕೆ ಸಂಬಂಧಿಸಿದ ಸಂಖ್ಯೆಯೊಂದನ್ನು 32,767ಕ್ಕಿಂತ ಹೆಚ್ಚು ಹಿಡಿಸದ ಡಬ್ಬಿಗೆ ಹಾಕುತ್ತಿದ್ದರು. ಹೊಸ ರಾಕೆಟ್ ಹಳೆಯದಕ್ಕಿಂತ ಜೋರು. ಸಂಖ್ಯೆ ಡಬ್ಬಿಯನ್ನು ಮೀರಿತು. ಉಪಕರಣ ಗಾಬರಿಯಾಗಿ ಕೆಲಸ ನಿಲ್ಲಿಸಿತು. ರಾಕೆಟ್ಟಿನ ಕಂಪ್ಯೂಟರ್ ಸ್ಟ್ಯಾಂಡ್‌ಬೈ ಕಡೆ ತಿರುಗಿತು. ಅದಾಗಲೇ 72 ಮಿಲಿಸೆಕೆಂಡ್ ಮುಂಚೆ ಅದೇ ಕಾರಣಕ್ಕೆ ಅದೂ ನಿಂತುಹೋಗಿತ್ತು! ಮೇಲೇರಿ 40 ಸೆಕೆಂಡಿನ ಹೊತ್ತಿಗೆ ರಾಕೆಟ್, ಅದರೊಳಗಿದ್ದ ನಾಲ್ಕು ಉಪಗ್ರಹಗಳ ಸಮೇತ, ಚೂರುಚೂರು.

ಒಂದೇ ಗೈಡ್ ಓದಿ ಪರೀಕ್ಷೆಗೆ ಬಂದ ಇಬ್ಬರು ಹುಡುಗರ ಹಾಗೆ ಇದು. ಗೈಡಿನಲ್ಲೇ ಅಚ್ಚಿನ ತಪ್ಪಿದ್ದರೆ ಇಬ್ಬರದೂ ಒಂದೇ ತಪ್ಪುತ್ತರ. ಒಬ್ಬನದನ್ನು ಇನ್ನೊಬ್ಬ ನೋಡಿ ಬರೆದರೂ ಪ್ರಯೋಜನವಿಲ್ಲ.

ಹಾಗೆಂದು ಎಲ್ಲ ಕಡೆಯೂ ಬೇರೆ ಬೇರೆ ಕಂಪನಿಯದನ್ನೇ ಹಾಕಿ ಎಂದು ನಾನು ಹೇಳಲಾರೆ. ಎರಡು ಬಗೆಯ ಬಿಡಿಭಾಗ, ಎರಡು ಬಗೆಯ ಕಲಿಕೆ, ರಾತ್ರಿ ಪಾಳಿಯ ಹುಡುಗನಿಗೆ ಎರಡರಷ್ಟು ಗೊಂದಲ. ಕಬ್ಬಿನ ಸಿಪ್ಪೆ ಸಾಗಿಸುವ ಬೆಲ್ಟಿಗೆ ಒಂದೇ ಅಚ್ಚಿನ ಜೋಡಿ ಧಾರಾಳ ಸಾಕು. ಆದರೆ ತಪ್ಪಿದರೆ ತಿದ್ದಲಾಗದ ಜಾಗಗಳಿವೆ. ಬೋಯಿಂಗ್ 777 ವಿಮಾನದಲ್ಲಿ ರೆಕ್ಕೆ, ಬಾಲಗಳನ್ನು ಅಲ್ಲಾಡಿಸುವ ಕಂಪ್ಯೂಟರುಗಳೊಳಗೆ ಮೂರು ಬೇರೆ ಬೇರೆ ಕಂಪನಿಗಳ ಚಿಪ್ಪು ಇಟ್ಟದ್ದು ಇದಕ್ಕೇ.

ನಮ್ಮ ಉತ್ತರ ಕನ್ನಡದ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ರಿಯಾಕ್ಟರನ್ನು ತಕ್ಷಣ ನಿಲ್ಲಿಸಲು ಅಲ್ಲಿ ಎರಡು ವ್ಯವಸ್ಥೆ. ಒಂದರಲ್ಲಿ ಕ್ಯಾಡ್ಮಿಯಂ ಇರುವ ಸರಳುಗಳು ಮೇಲಿನಿಂದ ಒಳಗೆ ಬೀಳುತ್ತವೆ. ಇನ್ನೊಂದರಲ್ಲಿ ಬೋರಾನ್ ಬೆರೆತ ದ್ರಾವಣ ಕೊಳವೆಗಳೊಳಗೆ ನುಗ್ಗುತ್ತದೆ. ಎರಡೂ ನ್ಯೂಟ್ರಾನ್‌ಗಳನ್ನು ನುಂಗಿ ಅಣುಕ್ರಿಯೆ ನಿಲ್ಲಿಸುವಂಥವೇ. ಆದರೆ ಒಂದು ಘನ, ಒಂದು ದ್ರವ. ಸರಳು ಸಿಕ್ಕಿಕೊಳ್ಳುವ ಕಾರಣ ದ್ರಾವಣಕ್ಕೆ ಅಡ್ಡಿಯಾಗದು. ಅದೇ ಕೈಗಾದ ಮೊದಲನೆಯ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮ ಓಡಿ ವಿಶ್ವದಾಖಲೆ ಮಾಡಿತು. ಅಷ್ಟೂ ದಿನ ಆ ಎರಡು ವ್ಯವಸ್ಥೆಗಳೂ ಬೀಳದೆ, ನುಗ್ಗದೆ ಕಾಯುತ್ತಿದ್ದವು.

ಕಾಯುವುದರಲ್ಲಿ ಇವನ್ನೂ ಮೀರಿಸಿದ ಒಬ್ಬನಿದ್ದಾನೆ. ಅಮೆರಿಕದ ಬಾಹ್ಯಾಕಾಶ ನೌಕೆ ಸ್ಪೇಸ್ ಶಟಲ್‌ನಲ್ಲಿ ಐದು ಕಂಪ್ಯೂಟರ್ ಇದ್ದವು. ನಾಲ್ಕರಲ್ಲಿ ಒಂದೇ ಪ್ರೋಗ್ರಾಮ್. ಅವು ಒಂದರ ಉತ್ತರವನ್ನು ಇನ್ನೊಂದು ತಾಳೆ ನೋಡುತ್ತಿದ್ದವು, ಒಂದು ಬೇರೆ ಹೇಳಿದರೆ ಮೂರರ ಮಾತು ನಡೆಯುತ್ತಿತ್ತು. ನಾಲ್ಕೂ ಸೇರಿ ಒಂದೇ ತಪ್ಪು ಮಾಡಿದರೆ? ಅದಕ್ಕೆ ಐದನೆಯದು. ಅದರ ಪ್ರೋಗ್ರಾಮನ್ನು ಬೇರೆ ಕಂಪನಿಯ ಬೇರೆ ತಂಡ ಬರೆದಿತ್ತು. 1981ರ ಏಪ್ರಿಲ್ 10ರಂದು ಕೊಲಂಬಿಯಾದ ಮೊಟ್ಟಮೊದಲ ಹಾರಾಟಕ್ಕೆ ಇಬ್ಬರು ಗಗನಯಾತ್ರಿಗಳು ಒಳಗೆ ಕೂತಾಗಿತ್ತು. ಆದರೆ ಐದನೆಯದಕ್ಕೂ ಉಳಿದ ನಾಲ್ಕಕ್ಕೂ ತಾಳವೇ ಕೂಡಲಿಲ್ಲ. ಗಡಿಯಾರಗಳ ಲೆಕ್ಕದಲ್ಲಿ ಒಂದು ಸೆಕೆಂಡಿನ ಪುಟ್ಟ ಚೂರಿನಷ್ಟು ವ್ಯತ್ಯಾಸ. ಹಾರಾಟ ನಿಂತಿತು. ಸರಿಪಡಿಸಿ ಹಾರಿಸಿದ್ದು ಏಪ್ರಿಲ್ 12ಕ್ಕೆ. ಯೂರಿ ಗಗಾರಿನ್ ಬಾಹ್ಯಾಕಾಶಕ್ಕೆ ಹೋಗಿ ಅಂದಿಗೆ ಸರಿಯಾಗಿ ಇಪ್ಪತ್ತು ವರ್ಷವಾಗಿತ್ತು ಎಂಬುದು ಕಾಕತಾಳೀಯ.

ಐದನೆಯದಕ್ಕೆ ಕೆಲಸ ಒಪ್ಪಿಸಲು ಕಮಾಂಡರ್ ಹಿಡಿಯುವ ಹಿಡಿಕೆಯಲ್ಲೇ ಒಂದು ಗುಂಡಿ ಇತ್ತು. 2011ರವರೆಗೆ ಶಟಲ್‌ಗಳು 135 ಬಾರಿ ಹಾರಿದವು. ಪ್ರತಿ ತಂಡವೂ ನೆಲದ ಮೇಲೆ ತರಬೇತಿಯಲ್ಲಿ ಆ ಗುಂಡಿ ಒತ್ತಿ ಕಲಿತೇ ಹೋಗುತ್ತಿತ್ತು. ಹಾರಾಟದಲ್ಲಿ ಒಬ್ಬರೂ ಅದನ್ನು ಒತ್ತಬೇಕಾಗಿ ಬರಲಿಲ್ಲ.